ಉದರದ ಸುರೂಪಿಕಾ ಶಸ್ತ್ರಚಿಕಿತ್ಸೆ: ಲೈಪೊಸಕ್ಷನ್ ಮತ್ತು ಟಮ್ಮಿ ಟಕ್

ಹೊಟ್ಟೆಯ ಚರ್ಮದಡಿಯಲ್ಲಿ ಶೇಖರವಾದ ಮೇದಸ್ಸನ್ನು ಸಣ್ಣ ರಂಧ್ರಗಳ ಮೂಲಕ ನಳಿಕೆಯಿಂದ ಹೀರಿ ಹೊರತೆಗೆಯುವ ಶಸ್ತ್ರಕ್ರಿಯೆಗೆ ಲೈಪೊಸಕ್ಷನ್ ಎಂದೂ, ಜೋತುಬಿದ್ದ ಚರ್ಮವನ್ನು ಅದಕ್ಕಂಟಿದ ಕೊಬ್ಬಿನ ಸಹಿತವಾಗಿ ಕತ್ತರಿಸಿ ತೆಗೆದು, ಪರಸ್ಪರ ಅಗಲಿಹೋದ ಸ್ನಾಯುಗಳನ್ನು ಹೊಲಿಗೆಯಿಂದ ಬಿಗಿದು, ಉಳಿದ ಚರ್ಮವನ್ನು ಕೆಳಕ್ಕೆಳೆದು ಕೂಡಿಸುವ ಶಸ್ತ್ರಕ್ರಿಯೆಗೆ ಅಬ್ಡಾಮಿನೊಪ್ಲಾಸ್ಟಿ, ಅಥವಾ ಲೋಕರೂಢಿಯಂತೆ ಟಮ್ಮಿ ಟಕ್, ಎಂದೂ ಹೆಸರು. ಎರಡರ ಫಲವೂ ಹೊಟ್ಟೆಯ ಹೊರರೂಪದಲ್ಲಿಯೇ ಕಾಣತಕ್ಕದ್ದಾದ್ದರಿಂದ, ಇವು ಒಂದೇ ಕಾರ್ಯದ ಚಿಕ್ಕ ಹಾಗೂ ದೊಡ್ಡ ರೂಪಗಳೆಂದೂ, ಖರ್ಚನ್ನೂ ನೋವನ್ನೂ ತಾಳುವ ಶಕ್ತಿಗನುಸಾರವಾಗಿ ಯಾವುದಾದರೊಂದನ್ನು ಆರಿಸಿಕೊಳ್ಳಬಹುದೆಂದೂ ಜನ ಭಾವಿಸುವುದುಂಟು. ಈ ಭಾವನೆ ಸರಿಯಲ್ಲ. ಇದರಿಂದಾಗುವ ಕೇಡೂ ಅಲ್ಪವಲ್ಲ. ಲೈಪೊಸಕ್ಷನ್ ತೆಗೆಯುವುದು ಕೊಬ್ಬನ್ನು ಮಾತ್ರ. ಚರ್ಮವನ್ನು ಅದು ಕತ್ತರಿಸದು, ಸ್ನಾಯುವನ್ನು ಮುಟ್ಟದು. ಟಮ್ಮಿ ಟಕ್ಕಿನ ಮುಖ್ಯ ಕಾರ್ಯವಾದರೋ ಚರ್ಮ ಮತ್ತು ಸ್ನಾಯುಗಳ ಮೇಲೆಯೇ ನಡೆಯತಕ್ಕದ್ದು. ಆದಕಾರಣ ಎರಡರಲ್ಲಿ ಯಾವುದು ಎಂಬ ಪ್ರಶ್ನೆಗೆ ಉತ್ತರವನ್ನು ರೋಗಿಯ ಅಪೇಕ್ಷೆಯಲ್ಲಿ ಹುಡುಕುವುದಕ್ಕಿಂತ, ಉದರಭಿತ್ತಿಯ ಯಾವ ಪದರದಲ್ಲಿ ದೋಷವಿದೆಯೆಂಬುದನ್ನು ನೋಡಿ ಕಂಡುಕೊಳ್ಳಬೇಕು.

ಉದರಭಿತ್ತಿಯ ರಚನೆಯನ್ನು ಹೊರಗಿನಿಂದ ಒಳಕ್ಕೆ ಪರಿಶೀಲಿಸಿದರೆ ಮೊದಲು ಚರ್ಮ, ಅದರಡಿಯಲ್ಲಿ ಡಚ್ ಅಂಗರಚನಾಶಾಸ್ತ್ರಜ್ಞ ಪೀಟರ್ ಕ್ಯಾಂಪರನ ಹೆಸರನ್ನು ಹೊತ್ತ ಮೃದುವಾದ ಕೊಬ್ಬಿನ ಪದರ, ಅದಕ್ಕೂ ಕೆಳಗೆ ಇಟಲಿಯ ಆಂಟೋನಿಯೊ ಸ್ಕಾರ್ಪನ ಹೆಸರಿನಿಂದ ಪ್ರಸಿದ್ಧವಾದ ತೆಳುವಾದ ತಂತುಪೊರೆ, ಆ ಪೊರೆಯ ಹಿಂದೆ ಇನ್ನಷ್ಟು ಕೊಬ್ಬು, ತರುವಾಯ ಸ್ನಾಯುಗಳು ಕಾಣುತ್ತವೆ. ಎದೆಗೂಡಿನ ಕೆಳಭಾಗದಿಂದ ಜಘನಾಸ್ಥಿಯವರೆಗೆ ಹೊಟ್ಟೆಯ ಮಧ್ಯದ ಇಕ್ಕೆಲಗಳಲ್ಲಿ ಇಳಿಯುವ ರೆಕ್ಟಸ್ ಎಂಬ ಎರಡು ನೀಳವಾದ ಸ್ನಾಯುಗಳನ್ನು ನಡುವೆ ಕೂಡಿಸತಕ್ಕದ್ದು ಲಿನಿಯಾ ಆಲ್ಬಾ ಎಂಬ ಬಿಳಿಯ ತಂತುಪಟ್ಟಿ. ಈ ಸ್ನಾಯುಭಿತ್ತಿಯ ಆಚೆಗೆ, ಕರುಳುಗಳ ಸುತ್ತ ಹಾಗೂ ಅವುಗಳ ಮುಂದೆ ಇಳಿಬಿದ್ದ ಪೊರೆಯಲ್ಲಿ, ಮತ್ತೊಂದು ಬಗೆಯ ಕೊಬ್ಬಿದೆ; ಇದನ್ನು ಒಳಾಂಗಗಳ ಕೊಬ್ಬು ಎನ್ನಬಹುದು. ಹೀರುವ ನಳಿಕೆಗಾಗಲಿ ಕತ್ತರಿಸುವ ಅಲಗಿಗಾಗಲಿ ನಿಲುಕುವುದು ಸ್ನಾಯುವಿನ ಹೊರಗಿನ ಕೊಬ್ಬು ಮಾತ್ರ. ಒಳಗಿನದು ಆಹಾರದ ಮಿತಿಯಿಂದ, ದೈಹಿಕ ಶ್ರಮದಿಂದ, ವೈದ್ಯನ ಮೇಲ್ವಿಚಾರಣೆಯ ಔಷಧದಿಂದ, ತೀರ ಸ್ಥೂಲರಾದವರಲ್ಲಿ ಜಠರದ ಶಸ್ತ್ರಕ್ರಿಯೆಯಿಂದ ಕರಗಬೇಕೇ ಹೊರತು ಬೇರೆ ಉಪಾಯವಿಲ್ಲ. ನಡುವಯಸ್ಸಿನ ಪುರುಷರಲ್ಲಿ ಬಹುಮಂದಿಗೆ ಬರುವ ಗಟ್ಟಿಯಾದ ದುಂಡು ಬೊಜ್ಜು, ಬೆರಳುಗಳ ನಡುವೆ ಹಿಡಿಯಲು ಹೋದರೆ ಸಿಕ್ಕದೆ ಜಾರುವಂಥದು, ಬಹುಪಾಲು ಈ ಒಳಗಿನ ಕೊಬ್ಬಿನದೇ. ಅಂಥವರಿಗೆ ಪ್ರಸ್ತುತ ಎರಡು ಶಸ್ತ್ರಕ್ರಿಯೆಗಳಲ್ಲಿ ಯಾವುದೂ ಸಲ್ಲದು.

ನಮ್ಮ ದೇಶದವರಿಗೆ ಈ ಭೇದವನ್ನು ಅರಿಯುವ ಅಗತ್ಯ ಹೆಚ್ಚಾಗಿಯೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಜನಿಸಿದ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿ ನಡೆಸಿದ ಅಧ್ಯಯನಗಳಲ್ಲಿ, ಇಲ್ಲಿನ ಶಿಶುಗಳು ತೂಕದಲ್ಲಿಯೂ ಅಳತೆಯಲ್ಲಿಯೂ ಕಿರಿದಾಗಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲವೆಂದು ತಿಳಿದುಬಂದಿತು. ಕೈಕಾಲು ತೆಳ್ಳಗಿದ್ದು ನಡುಭಾಗದಲ್ಲಿ ಕೊಬ್ಬು ಕೂಡುವ ಈ ದೇಹಪ್ರಕೃತಿಯನ್ನು ಗಮನಿಸಿಯೇ ಭಾರತೀಯರಿಗೆ ಸೊಂಟದ ಸುತ್ತಳತೆಯ ಮಿತಿಯನ್ನು ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಎಂದು ಪಾಶ್ಚಾತ್ಯರ ಮಿತಿಗಿಂತ ಕೆಳಗೆ ಗೊತ್ತುಮಾಡಲಾಗಿದೆ. ತೂಕದ ಯಂತ್ರ ಹೆಚ್ಚೇನೂ ತೋರಿಸದಿದ್ದರೂ ಹೊಟ್ಟೆ ಮುಂದೆ ಬಂದಿರುವುದರಿಂದ ಶಸ್ತ್ರವೈದ್ಯನ ಬಳಿಗೆ ಹೋಗುವ ವ್ಯಕ್ತಿಗೆ, ನಡುಭಾಗದ ಕೊಬ್ಬು ಸಕ್ಕರೆ ಕಾಯಿಲೆಗೆ ದಾರಿಮಾಡುವುದರಿಂದ, ಕೆಲವೊಮ್ಮೆ, ಮೊದಲು ಬೇಕಾಗಿರುವುದು ರಕ್ತದ ಸಕ್ಕರೆಯ ಪರೀಕ್ಷೆ.

ಸ್ತ್ರೀಯರಲ್ಲಿ ಸಂಗತಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಗರ್ಭಧಾರಣೆ. ಗರ್ಭವು ಬೆಳೆಯುತ್ತ ಬಂದಂತೆ ಎರಡು ರೆಕ್ಟಸ್ ಸ್ನಾಯುಗಳ ನಡುವಣ ತಂತುಪಟ್ಟಿ ಅಗಲವಾಗುತ್ತದೆ. ಕೊನೆಯ ವಾರಗಳಲ್ಲಿ ಇದು ಹೆಚ್ಚುಕಡಿಮೆ ಎಲ್ಲ ಗರ್ಭಿಣಿಯರಲ್ಲಿಯೂ ಕಾಣುವ ಸಹಜಸ್ಥಿತಿ. ಹೆರಿಗೆಯ ತರುವಾಯದ ತಿಂಗಳುಗಳಲ್ಲಿ ಹಲವರಲ್ಲಿ ಸ್ನಾಯುಗಳು ಮತ್ತೆ ಸಮೀಪಿಸುತ್ತವೆ. ಕೆಲವರಲ್ಲಿ, ವಿಶೇಷವಾಗಿ ಅವಳಿ ಮಕ್ಕಳನ್ನು ಹೆತ್ತವರಲ್ಲಿ ಅಥವಾ ಹಲವು ಬಾರಿ ಹೆತ್ತವರಲ್ಲಿ, ಅಂತರ ಹಾಗೆಯೇ ಉಳಿಯುತ್ತದೆ. ಈ ಅಂತರ 2 ಸೆಂಟಿಮೀಟರನ್ನು ಮೀರಿದರೆ ಅದಕ್ಕೆ ಡಯಾಸ್ಟಾಸಿಸ್ ಎನ್ನುತ್ತಾರೆ. ಬಾಣಂತನದ ದಿನಗಳಲ್ಲಿ ಹತ್ತಿಯ ಹಳೆಯ ಸೀರೆಯನ್ನು ಹೊಟ್ಟೆಗೆ ಬಿಗಿಯಾಗಿ ಸುತ್ತುವ ನಮ್ಮ ಮನೆಗಳ ಪದ್ಧತಿ ಬೆನ್ನಿಗೂ ಸಡಿಲವಾದ ಹೊಟ್ಟೆಗೂ ಆಧಾರವನ್ನು ಕೊಡುವುದು ನಿಜ. ಆ ಆಧಾರದಿಂದ ಬಾಣಂತಿ ಎದ್ದು ಓಡಾಡುವುದು ಸುಲಭವಾಗುವುದೂ ನಿಜ. ಆದರೆ ಹಿಗ್ಗಿದ ತಂತುಪಟ್ಟಿಯನ್ನು ಕಿರಿದುಮಾಡುವ ಸಾಮರ್ಥ್ಯ ಬಟ್ಟೆಗಿಲ್ಲ. ಕ್ರಮವರಿತ ವ್ಯಾಯಾಮದಿಂದ ಸ್ನಾಯುವಿನ ಬಲ ಹೆಚ್ಚುತ್ತದೆ, ಸ್ವಲ್ಪಮಟ್ಟಿನ ಅಂತರ ಕುಗ್ಗಲೂಬಹುದು. ಅತಿಯಾಗಿ ಅಗಲಿದ್ದು ಮಾತ್ರ ಹೊಲಿಗೆಯನ್ನೇ ಬೇಡುತ್ತದೆ. ಅಂಥ ತಾಯಿಯೊಬ್ಬಳು ತೂಕವನ್ನೆಲ್ಲ ಇಳಿಸಿಕೊಂಡ ಮೇಲೂ ಹೊಟ್ಟೆ ನಾಲ್ಕೈದು ತಿಂಗಳ ಗರ್ಭದಂತೆ ಮುಂಚಾಚಿಕೊಂಡೇ ಇರುವುದನ್ನು ಕಂಡು, ತಾನು ಇನ್ನೂ ಕಡಿಮೆ ಉಣ್ಣಬೇಕಾಗಿತ್ತೆಂದು ತನ್ನನ್ನೇ ಹಳಿದುಕೊಳ್ಳುವುದುಂಟು. ಇದು ಆಕೆಯ ಅಲಕ್ಷ್ಯದ ಫಲವಲ್ಲವೆಂಬುದನ್ನು ಮನೆಯವರು ಮೊದಲಾಗಿ ತಿಳಿಯಬೇಕು.

ಅನುಭವಸ್ಥ ಶಸ್ತ್ರವೈದ್ಯನು ಈ ಪದರಗಳ ಸ್ಥಿತಿಯನ್ನು ಯಾವ ಯಂತ್ರದ ನೆರವೂ ಇಲ್ಲದೆ ಬಹುಮಟ್ಟಿಗೆ ಕೈಯಿಂದಲೇ ಅರಿಯುತ್ತಾನೆ. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿಗಳನ್ನು ಮಡಿಸಿ, ಭುಜಗಳು ತುಸುವೇ ಮೇಲೇಳುವಂತೆ ತಲೆಯನ್ನೆತ್ತಲು ಹೇಳುತ್ತಾನೆ; ಆಗ ಹೊಟ್ಟೆಯ ನಟ್ಟನಡುವೆ ಉದ್ದವಾದ ದಿಂಡೊಂದು ಮೇಲೆದ್ದು ಕಂಡರೆ, ಹೊಕ್ಕುಳಿನ ಮೇಲ್ಗಡೆ ಅಡ್ಡಲಾಗಿ ಇರಿಸಿದ ಬೆರಳುಗಳು ಎರಡು ಸ್ನಾಯುಗಳ ಅಂಚುಗಳ ನಡುವೆ ಇಳಿದರೆ, ಅಂತರವಿರುವುದು ಖಚಿತ. ಬಳಿಕ ನಿಂತುಕೊಂಡು ಸೊಂಟದಿಂದ ಮುಂದಕ್ಕೆ ಬಾಗಲು ಹೇಳಿದಾಗ ಸಡಿಲವಾದ ಚರ್ಮ ತನ್ನ ಭಾರದಿಂದಲೇ ಕೆಳಗೆ ಇಳಿಬೀಳುತ್ತದೆ. ನೆಟ್ಟಗೆ ನಿಂತಾಗ ಸಪಾಟಾಗಿ ತೋರುತ್ತಿದ್ದ ಹೊಟ್ಟೆಯ ನಿಜಸ್ಥಿತಿ ಈ ಭಂಗಿಯಲ್ಲಿ ಬಯಲಾಗುತ್ತದೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಟ್ಟೆಯನ್ನು ಹಿಡಿದೆತ್ತಿ ಬಿಟ್ಟಾಗ ಚರ್ಮ ಒಡನೆ ಹಿಂದಿರುಗುವುದೋ, ಮಡಿಕೆಯಾಗಿಯೇ ತಡೆದು ನಿಲ್ಲುವುದೋ ಎಂಬುದು ಮತ್ತೊಂದು ಲಕ್ಷಣ. ಬಸುರಿನ ಗೆರೆಗಳು ಹೊಕ್ಕುಳಿನ ಮೇಲಕ್ಕೂ ಏರಿದ್ದರೆ ಚರ್ಮದ ಒಳಗಿನ ಸ್ಥಿತಿಸ್ಥಾಪಕ ತಂತುಗಳು ಹರಿದಿವೆಯೆಂದೇ ಅರ್ಥ. ಕೊನೆಯದಾಗಿ, ಹಳೆಯ ಶಸ್ತ್ರಕ್ರಿಯೆಗಳ ಕಲೆಗಳನ್ನು ನೋಡಬೇಕು: ಸಿಸೇರಿಯನ್ ಕಲೆ ಕತ್ತರಿಸಿ ತೆಗೆಯುವ ಭಾಗದಲ್ಲಿಯೇ ಸೇರಿಹೋಗುವುದರಿಂದ ಅದರಿಂದ ತೊಂದರೆಯಿಲ್ಲ; ಆದರೆ ಪಿತ್ತಕೋಶವನ್ನು ಹಿಂದಿನ ರೀತಿಯಲ್ಲಿ ತೆರೆದು ತೆಗೆದಾಗ ಬಲ ಪಕ್ಕೆಲುಬಿನ ಕೆಳಗೆ ಉಳಿದ ಓರೆ ಕಲೆ, ಮೇಲಿನಿಂದ ಬರುವ ರಕ್ತನಾಳಗಳು ಅಲ್ಲಿ ತುಂಡಾಗಿರುವುದರಿಂದ, ಅಪಾಯದ ಗುರುತು. ಇಷ್ಟೆಲ್ಲವನ್ನೂ ನೋಡದೆ, ಮೇಜಿನಾಚೆಯಿಂದಲೇ ಶಸ್ತ್ರಕ್ರಿಯೆಯ ಹೆಸರನ್ನೂ ದರವನ್ನೂ ಹೇಳುವ ಸ್ಥಳದಿಂದ ರೋಗಿ ಎದ್ದುಬರುವುದೇ ಲೇಸು.

ಎರಡು ಕ್ರಮಗಳಲ್ಲಿ ಕತ್ತರಿಸುವುದು ಹಳೆಯದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಸ್ಥಾಪಕ ಪ್ರಾಧ್ಯಾಪಕರಲ್ಲೊಬ್ಬನಾದ, ಸ್ತ್ರೀರೋಗಗಳ ಶಸ್ತ್ರವೈದ್ಯ ಹೋವರ್ಡ್ ಕೆಲ್ಲಿ, ತೊಡೆಗಳ ಮೇಲೆ ಇಳಿಬಿದ್ದು ಓಡಾಟಕ್ಕೇ ಅಡ್ಡಿಯಾಗಿದ್ದ ಏಳು ಕಿಲೋಗ್ರಾಮಿಗೂ ಮೀರಿದ ಕೊಬ್ಬಿನ ಮಡಿಕೆಯನ್ನು ಅಡ್ಡಲಾಗಿ ಕತ್ತರಿಸಿ ತೆಗೆದುದನ್ನು 1899ರಲ್ಲಿ ವರದಿಮಾಡಿದನು. ಅಂದಿನ ಉದ್ದೇಶ ಸೌಂದರ್ಯವಾಗಿರಲಿಲ್ಲ. ಮಡಿಕೆಯ ಸಂದಿಯಲ್ಲಿ ಬೆವರು ನಿಂತು ಆಗುವ ಹುಣ್ಣು, ಬೂಷ್ಟಿನ ಸೋಂಕು, ಬೆನ್ನುನೋವುಗಳ ಪರಿಹಾರವೇ ಉದ್ದೇಶವಾಗಿತ್ತು. ಹೊಕ್ಕುಳನ್ನು ಅದರ ಬುಡದ ಮೇಲೆಯೇ ಉಳಿಸಿಕೊಂಡು, ಕೆಳಕ್ಕೆಳೆದ ಚರ್ಮದಲ್ಲಿ ಹೊಸದಾಗಿ ರಂಧ್ರಮಾಡಿ ಅಲ್ಲಿ ಹೊಲಿಯುವ ಉಪಾಯವನ್ನು 1957ರಲ್ಲಿ ವರ್ನನ್ ಎಂಬ ಶಸ್ತ್ರವೈದ್ಯ ಪ್ರಕಟಿಸಿದ ಮೇಲೆ ಶಸ್ತ್ರಕ್ರಿಯೆಯ ರೂಪವೇ ಬದಲಾಯಿತು. ರಿಯೊ ಡಿ ಜನೈರೊ ನಗರದ ಇವೊ ಪಿಟಾಂಗಿ, 1967ರಲ್ಲಿ, ತಾನು ಅನುಕ್ರಮವಾಗಿ ಮಾಡಿದ 300 ಶಸ್ತ್ರಕ್ರಿಯೆಗಳ ವಿಶ್ಲೇಷಣೆಯನ್ನು ಪ್ರಕಟಿಸಿ ಈ ವಿಧಾನಕ್ಕೆ ಜಗತ್ತಿನಾದ್ಯಂತ ಮಾನ್ಯತೆಯನ್ನು ತಂದನು. ಸಿರಿವಂತರ ಚಿಕಿತ್ಸೆಯಿಂದ ಖ್ಯಾತನಾದ ಈತ ಅದೇ ನಗರದ ಸಾಂತಾ ಕಾಸಾ ಧರ್ಮಾಸ್ಪತ್ರೆಯಲ್ಲಿ ಬಡವರಿಗಾಗಿ ಒಂದು ವಿಭಾಗವನ್ನು ನಡೆಸಿದನೆಂಬುದನ್ನು ಇಲ್ಲಿ ನೆನೆಯಬೇಕು. ಅಮೆರಿಕದ ಟೆಡ್ ಲಾಕ್‌ವುಡ್ 1995ರಲ್ಲಿ, ಸೆಳೆತದ ಭಾರವನ್ನು ಚರ್ಮದ ಮೇಲೆ ಹೊರಿಸದೆ ಅದರಡಿಯ ತಂತುಪೊರೆಯ ಮೇಲೂ ಪಕ್ಕಗಳ ಮೇಲೂ ಹೊರಿಸುವ ಕ್ರಮವನ್ನು ವಿವರಿಸಿದನು.

ಇಂದು ರೂಢಿಯಲ್ಲಿರುವ ಪೂರ್ಣ ಟಮ್ಮಿ ಟಕ್ಕಿನಲ್ಲಿ ರೋಗಿಗೆ ಸಂಪೂರ್ಣ ಅರಿವಳಿಕೆಯನ್ನು ಕೊಟ್ಟು, ಕಿಬ್ಬೊಟ್ಟೆಯ ಕೆಳಗೆ ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ ಅಡ್ಡಲಾಗಿ ಕೊಯ್ಯುತ್ತಾರೆ. ಸೀರೆ ಉಡುವವರಲ್ಲಿ ನೆರಿಗೆ ಸಿಕ್ಕಿಸುವ ಗೆರೆಗಿಂತ ಕಲೆ ಕೆಳಗೆ ಬರುವಂತೆ, ನಿಂತ ಭಂಗಿಯಲ್ಲಿಯೇ ಮುಂಚಿತವಾಗಿ ಗುರುತು ಹಾಕಿಕೊಳ್ಳಬೇಕು. ಚರ್ಮವನ್ನೂ ಕೊಬ್ಬನ್ನೂ ಸ್ನಾಯುವಿನ ಹೊದಿಕೆಯಿಂದ ಬಿಡಿಸುತ್ತ ಪಕ್ಕೆಲುಬಿನ ಅಂಚಿನವರೆಗೆ ಮೇಲೆ ಹೋಗಿ, ಅಗಲಿದ ರೆಕ್ಟಸ್ ಸ್ನಾಯುಗಳನ್ನು ಎದೆಯಿಂದ ಜಘನದವರೆಗೆ ಗಟ್ಟಿಯಾದ ದಾರದಿಂದ ಒಂದಕ್ಕೊಂದು ಸಮೀಪಿಸುವಂತೆ ಹೊಲಿಯುತ್ತಾರೆ. ಹೊಕ್ಕುಳಿನ ಬಳಿ ಹರ್ನಿಯಾ ಇದ್ದರೆ ಅದನ್ನೂ ಈ ಸಂದರ್ಭದಲ್ಲಿಯೇ ಮುಚ್ಚಬಹುದು. ಬಳಿಕ ಮೇಜನ್ನು ನಡುವಿನಲ್ಲಿ ಬಾಗಿಸಿ, ಬಿಡಿಸಿದ ಚರ್ಮವನ್ನು ಕೆಳಕ್ಕೆಳೆದು, ಹೆಚ್ಚಾದುದನ್ನು ಕತ್ತರಿಸಿ ಹೊಲಿಗೆ ಹಾಕುವಷ್ಟರಲ್ಲಿ ಎರಡರಿಂದ ನಾಲ್ಕು ತಾಸುಗಳಾಗುತ್ತವೆ. ಸಡಿಲತೆ ಹೊಕ್ಕುಳಿನ ಕೆಳಗೆ ಮಾತ್ರ ಇರುವವರಿಗೆ ಕಿರಿಯ ರೂಪವೊಂದಿದೆ. ಬಹಳ ತೂಕವನ್ನು ಇಳಿಸಿ ನಡುವಿನ ಸುತ್ತಲೂ ಚರ್ಮ ಜೋತವರಿಗೆ ಬೆನ್ನನ್ನೂ ಬಳಸಿ ಕೊಯ್ಯುವ ಹಿರಿಯ ರೂಪವೂ ಇದೆ.

ಹೀರುವ ಕ್ರಮದ ಆರಂಭ ದುರಂತದಿಂದ ಕೂಡಿದ್ದು. 1921ರಲ್ಲಿ ಫ್ರಾನ್ಸಿನ ಚಾರ್ಲ್ಸ್ ದುಜಾರಿಯೆ ಎಂಬ ಶಸ್ತ್ರವೈದ್ಯ ನರ್ತಕಿಯೊಬ್ಬಳ ಕಾಲಿನ ಕೊಬ್ಬನ್ನು ಹರಿತವಾದ ಉಪಕರಣದಿಂದ ಕೆರೆದು ತೆಗೆಯಲು ಹೋಗಿ ರಕ್ತನಾಳಕ್ಕೆ ಘಾಸಿಯಾಗಿ, ಕಾಲು ಕೊಳೆತು, ಅದನ್ನು ಕತ್ತರಿಸಬೇಕಾಯಿತು. ಆ ಬಳಿಕ ಹಲವು ದಶಕಗಳ ಕಾಲ ಈ ದಿಕ್ಕಿನಲ್ಲಿ ಯಾರೂ ಹೆಚ್ಚು ಮುಂದುವರಿಯಲಿಲ್ಲ. 1970ರ ದಶಕದ ಮಧ್ಯದಲ್ಲಿ ರೋಮ್ ನಗರದ ಅರ್ಪಾಡ್ ಮತ್ತು ಜೋರ್ಜಿಯೊ ಫಿಷರ್ ಎಂಬ ತಂದೆಮಕ್ಕಳು ಹೀರುವ ಯಂತ್ರಕ್ಕೆ ಜೋಡಿಸಿದ ಟೊಳ್ಳು ಉಪಕರಣವನ್ನು ರಚಿಸಿದರು; ಪ್ಯಾರಿಸ್ಸಿನ ಈವ್ ಜೆರಾರ್ ಇಲ್ಲೂಜ್ 1977ರಲ್ಲಿ ಯುವತಿಯೊಬ್ಬಳ ಬೆನ್ನಿನ ಮೇಲಿದ್ದ ಕೊಬ್ಬಿನ ಗಂಟನ್ನು ದೊಡ್ಡ ಕಲೆಯಾಗದಂತೆ ತೆಗೆಯುವ ಯೋಚನೆಯಿಂದ ಮೊಂಡು ತುದಿಯ ನಳಿಕೆಯನ್ನು ಬಳಸಿ, ರಕ್ತನಾಳಗಳೂ ನರಗಳೂ ತುಂಡಾಗದೆ ಉಳಿಯುವುದನ್ನು ಕಂಡು, ಅದೇ ಕ್ರಮವನ್ನು ಹೊಟ್ಟೆ ತೊಡೆಗಳಿಗೂ ವಿಸ್ತರಿಸಿದನು. ಇಷ್ಟಾದರೂ ರಕ್ತಸ್ರಾವದ ಭಯ ತಪ್ಪಿರಲಿಲ್ಲ. ಯಾವ ದ್ರವವನ್ನೂ ತುಂಬದೆ ಒಣದಾಗಿ ಹೀರಿದಾಗ ಹೊರಬರುವ ಪದಾರ್ಥದಲ್ಲಿ ಐದನೆಯ ಒಂದು ಭಾಗಕ್ಕೂ ಹೆಚ್ಚಾಗಿ ರಕ್ತವೇ ಇರುತ್ತಿತ್ತು. ಈ ಭಯವನ್ನು ಕಳೆದವನು ಕ್ಯಾಲಿಫೋರ್ನಿಯದ ಚರ್ಮವೈದ್ಯ ಜೆಫ್ರಿ ಕ್ಲೈನ್. ಉಪ್ಪುನೀರಿನಲ್ಲಿ ಅತ್ಯಲ್ಪ ಪ್ರಮಾಣದ ಲಿಡೊಕೇನ್ ಎಂಬ ಅರಿವಳಿಕೆಯನ್ನೂ, ರಕ್ತನಾಳಗಳನ್ನು ಸಂಕುಚಿತಗೊಳಿಸುವ ಎಪಿನೆಫ್ರಿನ್ನನ್ನೂ ಬೆರೆಸಿ, ಕೊಬ್ಬಿನ ಪದರ ಉಬ್ಬಿ ಬಿಗಿಯಾಗುವವರೆಗೆ ಆ ದ್ರವವನ್ನು ತುಂಬಿಸಿ, ಕೆಲಕಾಲ ಕಾದು ಬಳಿಕ ಹೀರುವ ಟ್ಯೂಮೆಸೆಂಟ್ ವಿಧಾನವನ್ನು ಈತ 1987ರಲ್ಲಿ ಪ್ರಕಟಿಸಿದನು. ರಕ್ತನಷ್ಟ ಶೇಕಡಾ ಒಂದರ ಆಸುಪಾಸಿಗೆ ಇಳಿಯಿತು. ಇಂದು ಶಬ್ದಾತೀತ ತರಂಗ, ಲೇಸರ್, ಕಂಪಿಸುವ ನಳಿಕೆ ಎಂದು ನಾನಾ ಹೆಸರಿನ ಯಂತ್ರಗಳನ್ನು ಜಾಹೀರಾತುಗಳಲ್ಲಿ ಹೊಗಳುತ್ತಾರಾದರೂ, ಇವೆಲ್ಲದರ ತಳಹದಿ ಕ್ಲೈನನ ದ್ರವವೇ. ಫಲವು ಯಂತ್ರದ ಹೆಸರಿಗಿಂತ ಅದನ್ನು ಹಿಡಿದ ಕೈಯನ್ನು ಅವಲಂಬಿಸಿದೆ.

ಈ ದ್ರವಕ್ಕೂ ತನ್ನದೇ ಆದ ಗಂಡಾಂತರವುಂಟು. ದೇಹತೂಕದ ಪ್ರತಿ ಕಿಲೋಗ್ರಾಮಿಗೆ 35 ಮಿಲಿಗ್ರಾಂ ಲಿಡೊಕೇನ್ ಈ ವಿಧಾನದಲ್ಲಿ ಸುರಕ್ಷಿತವೆಂದು ಕ್ಲೈನ್ 1990ರಲ್ಲಿ ತೋರಿಸಿಕೊಟ್ಟನು. ಆದರೆ ಕೊಬ್ಬಿನಿಂದ ರಕ್ತಕ್ಕೆ ಔಷಧ ನಿಧಾನವಾಗಿ ಸೇರುವುದರಿಂದ ಅದರ ಪ್ರಮಾಣ ರಕ್ತದಲ್ಲಿ ತುದಿಮುಟ್ಟುವುದು ಸುಮಾರು ಹನ್ನೆರಡು ತಾಸುಗಳ ಬಳಿಕ, ಅಂದರೆ ರೋಗಿ ಮನೆಗೆ ಹೋಗಿ ಮಲಗಿರುವ ಹೊತ್ತಿನಲ್ಲಿ. ನಾಲಗೆ ಜೋಮು ಹಿಡಿಯುವುದು, ಕಿವಿಯಲ್ಲಿ ಮೊರೆತ, ತಲೆಸುತ್ತು, ಮಾತು ತೊದಲುವುದು ಇವು ವಿಷವೇರುವಿಕೆಯ ಮೊದಲ ಸೂಚನೆಗಳಾದ್ದರಿಂದ ಜೊತೆಯಲ್ಲಿರುವವರು ಇವನ್ನು ತಿಳಿದಿರತಕ್ಕದ್ದು. ಒಂದೇ ಸಲಕ್ಕೆ 5 ಲೀಟರಿಗಿಂತ ಹೆಚ್ಚು ಹೀರುವುದಾದರೆ ಅದನ್ನು ಸುಸಜ್ಜಿತ ಆಸ್ಪತ್ರೆಯಲ್ಲಿಯೇ ಮಾಡಿ ರಾತ್ರಿಯೆಲ್ಲ ನಿಗಾ ಇಡಬೇಕೆಂಬುದು ಅಮೆರಿಕದ ಸುರೂಪಿಕಾ ಶಸ್ತ್ರವೈದ್ಯರ ಸಂಘದ ಸೂಚನೆ. ಆ ದೇಶದಲ್ಲಿ 1994ರಿಂದ 1998ರ ಅವಧಿಗೆ ಸಂಬಂಧಿಸಿದಂತೆ ಶಸ್ತ್ರವೈದ್ಯರನ್ನೇ ವಿಚಾರಿಸಿ 2000ದಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಲೈಪೊಸಕ್ಷನ್ನಿನಲ್ಲಿ ಸಾವಿನ ಪ್ರಮಾಣ ಲಕ್ಷಕ್ಕೆ ಸುಮಾರು 19. ಕಾರಣಗಳಲ್ಲಿ ಮೊದಲನೆಯದು ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು. ನಳಿಕೆ ಹೊಟ್ಟೆಯ ಭಿತ್ತಿಯನ್ನು ಭೇದಿಸಿ ಕರುಳನ್ನು ತೂತುಮಾಡಿದ ಸಂಗತಿಗಳೂ ದಾಖಲಾಗಿವೆ. ಕಲೆ ಚಿಕ್ಕದಾದ ಮಾತ್ರಕ್ಕೆ ಶಸ್ತ್ರಕ್ರಿಯೆ ಚಿಕ್ಕದಾಗಲಿಲ್ಲ.

ಲೈಪೊಸಕ್ಷನ್ನಿನಿಂದ ಆಗದ ಕೆಲಸವನ್ನು ಸ್ಪಷ್ಟಪಡಿಸಿದ ಒಂದು ಅಧ್ಯಯನ ಇಲ್ಲಿ ವಿಶೇಷವಾಗಿ ಉಲ್ಲೇಖಾರ್ಹ. ಅಮೆರಿಕದ ಸೇಂಟ್ ಲೂಯಿಸ್ ನಗರದ ಸ್ಯಾಮ್ಯುಯೆಲ್ ಕ್ಲೈನ್ ಮತ್ತು ಸಂಗಡಿಗರು ಹದಿನೈದು ಮಂದಿ ಸ್ಥೂಲ ಸ್ತ್ರೀಯರ ಹೊಟ್ಟೆಯಿಂದ ಒಬ್ಬೊಬ್ಬರಿಗೆ ಸುಮಾರು 10 ಕಿಲೋಗ್ರಾಂ ಕೊಬ್ಬನ್ನು ಹೀರಿ ತೆಗೆದು, ವಾರಗಳ ಬಳಿಕ ಪರೀಕ್ಷಿಸಿದಾಗ, ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ರೀತಿಯಲ್ಲಾಗಲಿ, ರಕ್ತದೊತ್ತಡದಲ್ಲಾಗಲಿ, ರಕ್ತದ ಕೊಬ್ಬಿನಂಶಗಳಲ್ಲಾಗಲಿ ಗಮನಾರ್ಹವಾದ ಸುಧಾರಣೆ ಕಾಣಲಿಲ್ಲ. 2004ರಲ್ಲಿ ಇದು ಪ್ರಕಟವಾಯಿತು. ಅಷ್ಟೇ ಕೊಬ್ಬನ್ನು ಆಹಾರ ಮತ್ತು ಶ್ರಮದಿಂದ ಇಳಿಸಿಕೊಂಡಿದ್ದರೆ ಇವೆಲ್ಲವೂ ಸುಧಾರಿಸುತ್ತಿದ್ದವು. ಕೊಲರಾಡೊದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ತೊಡೆ ಮತ್ತು ಕಿಬ್ಬೊಟ್ಟೆಯ ಕೊಬ್ಬನ್ನು ತೆಗೆಸಿಕೊಂಡವರ ಒಟ್ಟು ಕೊಬ್ಬು ಒಂದು ವರ್ಷದೊಳಗೆ ಮೊದಲಿನ ಪ್ರಮಾಣಕ್ಕೇ ಮರಳಿತಲ್ಲದೆ, ಅದು ವಿಶೇಷವಾಗಿ ಮೇಲ್ಹೊಟ್ಟೆಯಲ್ಲಿ ಸೇರಿಕೊಂಡಿತ್ತು. ಅತಿಸ್ಥೂಲನನ್ನು ಎಂಟು ಬಗೆಯ ನಿಂದಿತ ದೇಹಪ್ರಕೃತಿಯವರಲ್ಲಿ ಒಬ್ಬನನ್ನಾಗಿ ಎಣಿಸಿದ ಚರಕಸಂಹಿತೆಯ ಸೂತ್ರಸ್ಥಾನವು ಆತನಿಗೆ ವಿಧಿಸಿದ್ದು ಯವ ಮೊದಲಾದ ಆಹಾರಗಳನ್ನೂ ವ್ಯಾಯಾಮವನ್ನೂ ಜಾಗರಣೆಯನ್ನೂ; ಅದರಲ್ಲಿ ಜಾಗರಣೆಯನ್ನು ಇಂದಿನ ವೈದ್ಯ ಒಪ್ಪುವುದಿಲ್ಲ, ಮಿಕ್ಕವನ್ನು ಒಪ್ಪುತ್ತಾನೆ.

ಹೀಗಿರುವಾಗ ಲೈಪೊಸಕ್ಷನ್ ಯಾರಿಗೆ ಒಪ್ಪುತ್ತದೆ? ತೂಕ ಬಹುಮಟ್ಟಿಗೆ ಹತೋಟಿಯಲ್ಲಿದ್ದು, ಆರು ತಿಂಗಳಿಂದ ಒಂದು ವರ್ಷದವರೆಗೆ ಸ್ಥಿರವಾಗಿದ್ದು, ಚರ್ಮ ಬಿಗುವಾಗಿದ್ದು, ಸ್ನಾಯುಗಳು ಸ್ವಸ್ಥಾನದಲ್ಲಿದ್ದು, ಪಕ್ಕೆಗಳಲ್ಲಾಗಲಿ ಕಿಬ್ಬೊಟ್ಟೆಯಲ್ಲಾಗಲಿ ವ್ಯಾಯಾಮಕ್ಕೂ ಕರಗದ ಕೊಬ್ಬಿನ ಉಬ್ಬು ಮಾತ್ರ ಇರುವವರಿಗೆ, ಅದರಲ್ಲಿಯೂ ಹೆರದ ಯುವತಿಯರಿಗೆ ಮತ್ತು ಯುವಕರಿಗೆ, ಇದು ಉತ್ತಮ ಫಲವನ್ನು ಕೊಡುತ್ತದೆ. ಚರ್ಮ ಸಡಿಲವಾಗಿರುವವರ ಕೊಬ್ಬನ್ನು ಹೀರಿದರೆ, ಅಕ್ಕಿ ಸುರಿದು ಖಾಲಿಮಾಡಿದ ಚೀಲದಂತೆ, ಹೊಟ್ಟೆಯ ಚರ್ಮ ಮೊದಲಿಗಿಂತಲೂ ಹೆಚ್ಚು ಜೋಲುತ್ತದೆ. ಅಂಥವರು ಎರಡನೆಯ ಶಸ್ತ್ರಕ್ರಿಯೆಗಾಗಿ ಮತ್ತೆ ಬರುವುದು ಅಪೂರ್ವವೇನಲ್ಲ. ಸಡಿಲ ಚರ್ಮ, ಅಗಲಿದ ಸ್ನಾಯು, ಸಿಸೇರಿಯನ್ ಕಲೆಯ ಮೇಲೆ ಇಳಿಬಿದ್ದ ಮಡಿಕೆ ಇವುಗಳಲ್ಲಿ ಯಾವುದಿದ್ದರೂ ಟಮ್ಮಿ ಟಕ್ಕೇ ನ್ಯಾಯವಾದ ಮಾರ್ಗ. ದೊಡ್ಡ ಕಲೆಗೆ ಅಂಜಿ ಚಿಕ್ಕ ಕಲೆಯ ಶಸ್ತ್ರಕ್ರಿಯೆಯನ್ನು ಆರಿಸಿಕೊಂಡರೆ ಕಲೆ ಚಿಕ್ಕದಾಗುವುದು, ದೋಷ ಮಾತ್ರ ಉಳಿಯುವುದು. ಮುಂದೆ ಮಕ್ಕಳನ್ನು ಪಡೆಯಬೇಕೆಂದಿರುವ ಸ್ತ್ರೀಯು ಟಮ್ಮಿ ಟಕ್ಕನ್ನು ಆಮೇಲಕ್ಕೆ ಇಟ್ಟುಕೊಳ್ಳತಕ್ಕದ್ದು. ಗರ್ಭಕ್ಕೆ ಇದರಿಂದ ಹಾನಿಯಿಲ್ಲವಾದರೂ ಬಿಗಿದ ಸ್ನಾಯು ಮತ್ತೆ ಅಗಲಬಹುದು, ಚರ್ಮ ಮತ್ತೆ ಹಿಗ್ಗಬಹುದು. ಜಠರದ ಶಸ್ತ್ರಕ್ರಿಯೆಯಿಂದ ತೂಕವನ್ನು ಇಳಿಸಿಕೊಂಡವರು ಒಂದರಿಂದ ಒಂದೂವರೆ ವರ್ಷ ಕಾಯಬೇಕು. ಅವರ ರಕ್ತದಲ್ಲಿ ಪ್ರೋಟೀನು, ಕಬ್ಬಿಣಗಳ ಕೊರತೆಯಿದ್ದರೆ ಗಾಯ ಮಾಯುವುದಿಲ್ಲ.

ಎರಡನ್ನೂ ಒಂದೇ ಸಲ ಮಾಡಬಾರದೇ ಎಂದು ಕೇಳುವವರು ಬಹಳ. ಇದಕ್ಕೆ ಉತ್ತರ ಚರ್ಮದ ರಕ್ತಸಂಚಾರದಲ್ಲಿದೆ. ಹ್ಯೂಗರ್ ಎಂಬ ಶಸ್ತ್ರವೈದ್ಯ 1979ರಲ್ಲಿ ಹೊಟ್ಟೆಯ ಚರ್ಮವನ್ನು ರಕ್ತ ಬರುವ ದಿಕ್ಕಿಗನುಸಾರವಾಗಿ ಮೂರು ವಲಯಗಳಾಗಿ ವಿಂಗಡಿಸಿದನು. ಟಮ್ಮಿ ಟಕ್ಕಿನಲ್ಲಿ ಚರ್ಮವನ್ನು ಬಿಡಿಸುವಾಗ ಸ್ನಾಯುವನ್ನು ತೂರಿ ನೇರವಾಗಿ ಮೇಲೇರುವ ನಡುವಿನ ರಕ್ತನಾಳಗಳು ತುಂಡಾಗುತ್ತವೆ, ಕೊಯ್ದ ಗೆರೆಯಲ್ಲಿ ಕೆಳಗಿನವೂ ತುಂಡಾಗುತ್ತವೆ. ಬಿಡಿಸಿದ ಚರ್ಮವೆಲ್ಲವೂ ಪಕ್ಕಗಳಿಂದ ಬರುವ ನಾಳಗಳನ್ನೇ ನಂಬಿಕೊಂಡು ಬದುಕಬೇಕಾಗುತ್ತದೆ. ಇಂಥ ಸ್ಥಿತಿಯಲ್ಲಿ ಅದೇ ಚರ್ಮದ ನಡುಭಾಗದ ಕೊಬ್ಬನ್ನು ಅತಿಯಾಗಿ ಹೀರಿದರೆ ಹೊಕ್ಕುಳಿನ ಕೆಳಗೆ ಚರ್ಮ ಕಪ್ಪಾಗಿ ಸಾಯುತ್ತದೆ. ಪಕ್ಕೆಗಳಲ್ಲಿ, ಬೆನ್ನಿನಲ್ಲಿ ಹೀರುವುದಕ್ಕೆ ಅಭ್ಯಂತರವಿಲ್ಲ. ಬ್ರೆಜಿಲಿನ ಓಸ್ವಾಲ್ಡೊ ಸಾಲ್ಡಾನ್ಯ 2001ರಲ್ಲಿ ನಡುವಿನ ಕಿರಿದಾದ ಭಾಗವನ್ನಷ್ಟೇ ಬಿಡಿಸಿ, ಇಕ್ಕೆಲದ ನಾಳಗಳನ್ನು ಉಳಿಸಿಕೊಂಡು, ಹೀರುವುದನ್ನೂ ಕತ್ತರಿಸುವುದನ್ನೂ ಕೂಡಿಸುವ ಕ್ರಮವನ್ನು ಪ್ರಕಟಿಸಿದನು. ಇಂದು ಅನೇಕರು ಇದನ್ನೇ ಅನುಸರಿಸುತ್ತಾರೆ. ಧೂಮಪಾನಿಯ ವಿಷಯದಲ್ಲಿ ಮಾತ್ರ ಯಾವ ಜಾಣ್ಮೆಯೂ ನಡೆಯದು. ನಿಕೊಟಿನ್ ಸೂಕ್ಷ್ಮನಾಳಗಳನ್ನು ಸಂಕೋಚಗೊಳಿಸುವುದರಿಂದ ಶಸ್ತ್ರಕ್ರಿಯೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಬೀಡಿ, ಸಿಗರೇಟುಗಳನ್ನು ಬಿಟ್ಟಿರಬೇಕು.

ಚೇತರಿಕೆಯಲ್ಲಿ ಎರಡಕ್ಕೂ ಬಹಳ ಅಂತರವಿದೆ. ಮಿತವಾಗಿ ಹೀರಿಸಿಕೊಂಡವರು ಕೆಲವು ದಿನಗಳಲ್ಲಿ ಕೆಲಸಕ್ಕೆ ಮರಳಬಹುದು. ಬಿಗಿಯುಡುಪನ್ನು ನಾಲ್ಕರಿಂದ ಆರು ವಾರ ತೊಡಬೇಕು. ಬಾವು ಇಳಿದು ನಿಜವಾದ ಆಕಾರ ಕಾಣಲು ಮೂರರಿಂದ ಆರು ತಿಂಗಳು ಬೇಕು. ಟಮ್ಮಿ ಟಕ್ ಮಾಡಿಸಿಕೊಂಡವರಾದರೋ ಹೊಲಿಗೆಯ ಮೇಲೆ ಸೆಳೆತ ಬೀಳದಂತೆ ಮಂಡಿಯಡಿ ದಿಂಬಿಟ್ಟು ಬಾಗಿದ ಭಂಗಿಯಲ್ಲಿ ಮಲಗಬೇಕು, ಒಂದು ವಾರ ಬೆನ್ನು ಬಗ್ಗಿಸಿಯೇ ನಡೆಯಬೇಕು. ಆದರೂ ರಕ್ತ ಹೆಪ್ಪುಗಟ್ಟದಿರಲು ಅಂದೋ ಮರುದಿನವೋ ಎದ್ದು ಓಡಾಡಲೇಬೇಕು. ಚರ್ಮದಡಿ ತಿಳಿನೀರು ಸೇರುವುದು ಇದರಲ್ಲಿ ಅತ್ಯಂತ ಸಾಮಾನ್ಯವಾದ ತೊಡಕು. ಅದಕ್ಕಾಗಿ ಕೆಲವು ದಿನ ನಳಿಕೆಗಳನ್ನು ಇಟ್ಟಿರುತ್ತಾರೆ. ಆರು ವಾರ ಭಾರ ಎತ್ತುವಂತಿಲ್ಲ. ತುಂಬಿದ ಕೊಡವಾಗಲಿ, ಎತ್ತಿಕೊಳ್ಳೆಂದು ಅಳುವ ಮಗುವಾಗಲಿ, ಎರಡೂ ಭಾರವೇ. ಎರಡು ವರ್ಷದ ಮಗುವಿರುವ ತಾಯಿ ಮನೆಯಲ್ಲಿ ಮತ್ತೊಬ್ಬರ ಆಸರೆಯಿಲ್ಲದೆ ಈ ಶಸ್ತ್ರಕ್ರಿಯೆಗೆ ಒಡ್ಡಿಕೊಳ್ಳುವುದು ಯುಕ್ತವಲ್ಲ. ಹೊಕ್ಕುಳಿನ ಕೆಳಗೆ ಸ್ಪರ್ಶಜ್ಞಾನ ತಿಂಗಳುಗಟ್ಟಲೆ ಮಂದವಾಗಿರುತ್ತದೆ. ಕಲೆ ಮೊದಲು ಕೆಂಪಾಗಿಯೂ ಉಬ್ಬಾಗಿಯೂ ಇದ್ದು, ಪಕ್ವವಾಗಿ ಮಾಸಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ನಮ್ಮಂಥ ಶ್ಯಾಮಲವರ್ಣದವರಲ್ಲಿ ಅದು ಗಂಟಾಗಿ ಬೆಳೆಯುವ ಸಂಭವ ಬಿಳಿಯರಿಗಿಂತ ಹೆಚ್ಚು.

ಕರ್ನಾಟಕದಲ್ಲಿ ಈ ವಿಷಯ ಮನೆಮನೆಯ ಮಾತಾದದ್ದು ಒಂದು ಶೋಕದ ಪ್ರಸಂಗದಿಂದ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಗೆ ಒಳಗಾದ ಕನ್ನಡ ಕಿರುತೆರೆಯ ಯುವನಟಿಯೊಬ್ಬರು ಉಸಿರಾಟದ ತೊಂದರೆಯುಂಟಾಗಿ ಅಸುನೀಗಿದರು. ಅವರ ವಯಸ್ಸು ಇಪ್ಪತ್ತೊಂದು. ಚಿತ್ರರಂಗದ ಕಣ್ಣಿಗೆ ತೆಳ್ಳಗೆ ತೋರಬೇಕೆಂಬ ಒತ್ತಡ ಎಷ್ಟರಮಟ್ಟಿನದೆಂಬುದನ್ನು ಈ ಸಾವು ಎಲ್ಲರಿಗೂ ತಿಳಿಸಿತು. ಈ ಎರಡೂ ಶಸ್ತ್ರಕ್ರಿಯೆಗಳು ಐಚ್ಛಿಕವಾದವು. ನಾಳೆಯೇ ಮಾಡಿಸಿಕೊಳ್ಳದಿದ್ದರೆ ಪ್ರಾಣಕ್ಕೆ ಹಾನಿಯೆಂಬ ಸಂದರ್ಭ ಇವುಗಳಲ್ಲಿಲ್ಲವಾದ್ದರಿಂದ ವಿಚಾರಿಸಿಕೊಳ್ಳುವುದಕ್ಕೆ ಕಾಲ ಯಥೇಷ್ಟವಾಗಿದೆ. ಶಸ್ತ್ರವೈದ್ಯನು ಸುರೂಪಿಕಾ ಶಸ್ತ್ರಚಿಕಿತ್ಸೆಯಲ್ಲಿ ಎಂ.ಸಿಎಚ್. ಅಥವಾ ತತ್ಸಮಾನವಾದ ಪದವಿಯನ್ನು ಪಡೆದಿರುವನೇ, ಆಸ್ಪತ್ರೆಯು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಪ್ರಕಾರ ನೋಂದಣಿಯಾಗಿದೆಯೇ, ಅರಿವಳಿಕೆ ತಜ್ಞರು ಉದ್ದಕ್ಕೂ ಹಾಜರಿರುವರೇ, ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿದೆಯೇ ಎಂಬುದನ್ನು ಕೇಳಿ ತಿಳಿಯುವುದು ರೋಗಿಯ ಹಕ್ಕು. ಈ ಪ್ರಶ್ನೆಗಳಿಗೆ ಮುನಿಸಿಕೊಳ್ಳುವ ಸ್ಥಳದಲ್ಲಿ ಒಪ್ಪಿಗೆಪತ್ರಕ್ಕೆ ಸಹಿಹಾಕಬೇಡಿ. ಮನೆಯವರಿಗೆ ತಿಳಿಸದೆ ಗುಟ್ಟಾಗಿ ಹೋಗಬೇಡಿ. ಕೇವಲ ರೂಪಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಕ್ರಿಯೆಯ ವೆಚ್ಚವನ್ನು ಭಾರತದ ಆರೋಗ್ಯ ವಿಮೆಗಳು ಕೊಡುವುದಿಲ್ಲವಾದ್ದರಿಂದ, ತೊಡಕುಂಟಾದರೆ ಆಗುವ ಖರ್ಚನ್ನೂ ಸೇರಿಸಿಕೊಂಡೇ ಹಣವನ್ನು ಮುಂಚಿತವಾಗಿ ಹೊಂದಿಸಿಕೊಂಡಿರತಕ್ಕದ್ದು.